ಒಂದೇ ಲಕೋಟೆ, ಎರಡು ಕಂತು

ಹಾರ್ಲನ್ ಟ್ವೈಟ್ ಬಾಗ್ಲು ತಳ್ಕೊಂಡು ಒಳಗೆ ಬಂದ ಅಂದ್ರೆ ಯಾವ ಹೋಟ್ಲಲ್ಲಾದ್ರೂ ಮಾತು ನಿಲ್ತಿತ್ತು. ತಟ್ಟೆ ಮುಂದೆ ಕೂತೋರು ಅವನ ಮುಖ ನೋಡ್ತಿರಲಿಲ್ಲ. ಅಂಗಿ ಜೇಬು ನೋಡ್ತಿದ್ರು. ಆ ಜೇಬಲ್ಲಿ ಪೆನ್ನಿನ ಪಕ್ಕ ಒಂದು ಥರ್ಮಾಮೀಟರ್ ಇರ್ತಿತ್ತು. ಅದು ಹೊರಗೆ ಬಂತು ಅಂದ್ರೆ ಅಡುಗೆಮನೇಲಿ ಯಾರಿಗೋ ಗ್ರಹಚಾರ.

ಅವನು ಜಿಲ್ಲೆ ಆರೋಗ್ಯ ಇಲಾಖೆ ಇನ್ಸ್‌ಪೆಕ್ಟರ್. ವಿಸ್ಕಾನ್ಸಿನ್ನಿನ ಈ ಮೂಲೇಲಿ ಹೋಟ್ಲು, ಬಾರು, ಸ್ಕೂಲಿನ ಅಡುಗೆಮನೆ, ಬೋರ್‌ವೆಲ್ಲು, ಕಕ್ಕಸು ಗುಂಡಿ, ಎಲ್ಲಾ ಅವನ ಕೈಕೆಳಗೆ. ತಣ್ಣಗಿರ್ಬೇಕಾದ್ದು ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೊಂದು ಡಿಗ್ರಿ ದಾಟಬಾರದು. ದಾಟಿದ್ರೆ ಬರ್ಕೊಳ್ತಾನೆ. ನಲವತ್ತೆರಡು ಇದ್ರೂ ಬರ್ಕೊಳ್ತಾನೆ. ಒಂದು ಡಿಗ್ರಿ ತಾನೆ, ಬಿಡಪ್ಪ ಅಂದ್ರೆ, "ರೂಲು" ಅಂತಾನೆ. ಅಷ್ಟೇ ಮಾತು.

ಸ್ವಂತ ತಾಯೀನೂ ಬಿಡಲಿಲ್ಲ. ಅವನ ತಾಯಿ ಆರ್ಡಿಸ್ ಚರ್ಚಿನ ನೆಲಮಾಳಿಗೆ ಅಡುಗೆಮನೆಗೆ ಮೂವತ್ತು ವರ್ಷದಿಂದ ಯಜಮಾನಿ. ಒಂದು ವರ್ಷ ಶರತ್ಕಾಲದ ದೊಡ್ಡ ಊಟ. ಮುನ್ನೂರು ಜನ ಸಾಲಲ್ಲಿ ನಿಂತಿದ್ರು. ಹಾರ್ಲನ್ ಬಂದ, ಆಲೂಗಡ್ಡೆ ಸಲಾಡಿಗೆ ಥರ್ಮಾಮೀಟರ್ ಚುಚ್ಚಿದ. ನಲವತ್ತೇಳು.

"ಅಮ್ಮ, ಇದನ್ನ ಚೆಲ್ಬೇಕು."

"ಏನನ್ನ?"

"ಎಲ್ಲಾನೂ."

ಆರ್ಡಿಸ್ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. "ನಿನ್ನ ಹೆತ್ತಿದ್ದು ಇದಕ್ಕೇನೋ?"

"ನಲವತ್ತೊಂದು ದಾಟಬಾರದು ಅಮ್ಮ."

"ಒಂಬತ್ತು ತಿಂಗಳು ನಿನ್ನ ಹೊಟ್ಟೇಲಿ ಇಟ್ಕೊಂಡಿದ್ದೆನಲ್ಲ, ಆವಾಗ ಎಷ್ಟು ಡಿಗ್ರಿ ಇತ್ತು? ಅದನ್ನೂ ಬರ್ಕೋ!"

ಬರ್ಕೊಳ್ಳಲಿಲ್ಲ. ಸಲಾಡನ್ನ ಮಾತ್ರ ಬರ್ಕೊಂಡ. ನಲವತ್ತು ಪೌಂಡು ಸಲಾಡು ಕಸದ ಡಬ್ಬಿಗೆ ಹೋಯ್ತು. ಅವತ್ತಿಂದ ಚರ್ಚಲ್ಲೂ ಅವನ ಬೆಂಚಲ್ಲಿ ಯಾರೂ ಕೂರ್ತಿರಲಿಲ್ಲ.

ಈ ಕಡೆ ಶುಕ್ರವಾರ ಅಂದ್ರೆ ಕರಿದ ಮೀನು. ಬಾರಿಗೆ ಹೋಗ್ಬೇಕು, ಮೀನು, ಆಲೂ, ರೈ ಬ್ರೆಡ್ಡು, ಒಂದು ಬಟ್ಲು ಕೋಸಿನ ಸಲಾಡು. ಬೀರು. ಪಕ್ಕದೋನ ಹತ್ರ ಫುಟ್‌ಬಾಲ್ ಮಾತು. ಇಷ್ಟೂ ಇಲ್ದೆ ಹೋದ್ರೆ ಆ ವಾರ ಮುಗೀಲಿಲ್ಲ ಅಂತ ಅರ್ಥ. ಹಾರ್ಲನ್‌ಗೂ ಮೀನು ಅಂದ್ರೆ ಪ್ರಾಣ. ಆದ್ರೆ ಊರಿನ ಬಾರಿಗೆ ಹೋದ್ರೆ ಅಡುಗೆಯೋರು ಕೆಲಸ ಬಿಟ್ಟು ನಿಲ್ತಾರೆ. ಊಟಕ್ಕೆ ಕೂತೋರು ಗಬಗಬ ತಿಂದು ಎದ್ದು ಹೋಗ್ತಾರೆ. ಅದಕ್ಕೆ ಹತ್ತು ವರ್ಷ ಪ್ರತಿ ಶುಕ್ರವಾರ ಅವನು ಇಪ್ಪತ್ತಾರು ಮೈಲಿ ಕಾರೋಡಿಸ್ಕೊಂಡು, ಮಿಸ್ಸಿಸಿಪ್ಪಿ ಹೊಳೆ ದಾಟಿ, ಆಚೆ ರಾಜ್ಯದಲ್ಲಿ ಒಬ್ಬನೇ ಕೂತು ಮೀನು ತಿಂತಿದ್ದ. ಅಲ್ಲಿ ಅವನ ಥರ್ಮಾಮೀಟರಿಗೆ ಅಧಿಕಾರ ಇರಲಿಲ್ಲ.

ಇಂಥ ಕೆಲಸ ಯಾಕೆ ಹಿಡ್ಕೊಂಡು ಕೂತಿದ್ದ? ಸಾಲ.

ಮೊದಲು ಅವನು ಕಾಗದದ ಗಿರಣೀಲಿದ್ದ. ಗಿರಣಿ ಮುಚ್ಚಿತು. ಇಪ್ಪತ್ತಾರು ವರ್ಷಕ್ಕೆ ಕಾಲೇಜಿಗೆ ಸೇರಿದ, ಹುಡುಗ್ರ ಮಧ್ಯೆ ಗೂಳಿ ಹಾಗೆ. ನಲವತ್ನಾಲ್ಕು ಸಾವಿರ ಡಾಲರ್ ಸಾಲ ಆಯ್ತು. ಹಾಲು ಕೆಟ್ಟಿದೆಯಾ ಅಂತ ಮೂಗಿಗೇ ಗೊತ್ತಾಗುತ್ತೆ. ಅದನ್ನ ಹೇಳೋಕೂ ಡಿಗ್ರಿ ಬೇಕು ಅಂತಾರೆ ಇಲ್ಲಿ.

ಅವನು ಕೆಲಸಕ್ಕೆ ಸೇರಿದ ವರ್ಷವೇ, ಎರಡು ಸಾವಿರದ ಏಳರಲ್ಲಿ, ಸರ್ಕಾರ ಒಂದು ಕಾನೂನು ತಂತು. ಸ್ಕೂಲು, ಸರ್ಕಾರಿ ಆಸ್ಪತ್ರೆ, ಜಿಲ್ಲಾ ಆಫೀಸು, ಇಂಥ ಕಡೆ ಕಡಿಮೆ ಸಂಬಳಕ್ಕೆ ಜನಸೇವೆ ಮಾಡೋರು ಓದಿನ ಸಾಲ ಹತ್ತು ವರ್ಷ ಕಟ್ಲಿ. ತಿಂಗಳಿಗೊಂದರ ಹಾಗೆ ನೂರಿಪ್ಪತ್ತು ಕಂತು. ಆಮೇಲೆ ಉಳಿದಿದ್ದೆಲ್ಲ ಮಾಫಿ. ಹಾರ್ಲನ್ ಆ ಕಾಗದ ಮೂರು ಸಲ ಓದಿದ. ನೂರಿಪ್ಪತ್ತು ಮನೆ ಇರೋ ಒಂದು ಚೌಕ ಗೆರೆ ಹಾಕಿ ಅಡುಗೆಮನೆ ಗೋಡೆಗೆ ಅಂಟಿಸಿದ. ತಿಂಗಳಿಗೊಂದು ಮನೆಗೆ ಕಾಟು.

ರೂಲಿನ ಮೇಲೆ ಅವನಿಗೆ ದೇವರಷ್ಟೇ ನಂಬಿಕೆ. ದೇವರು ಒಂದೊಂದು ಸಲ ಕೈ ಬಿಡ್ತಾನೆ ಅಂತ ಗೊತ್ತಿತ್ತು. ರೂಲು ಬಿಡಲ್ಲ ಅಂದ್ಕೊಂಡಿದ್ದ.

ಮೊದಲ ಇಪ್ಪತ್ತೆರಡು ತಿಂಗಳು ಸರಿಯಾಗೇ ನಡೀತು. ಬಿಲ್ಲು ಬರೋದು, ಇನ್ನೂರ ನಲವತ್ತು ಡಾಲರಿಗೆ ಚೆಕ್ಕು ಬರೆಯೋದು, ಲಕೋಟೆಗೆ ಹಾಕೋದು, ಸ್ಟಾಂಪು ಹಚ್ಚೋದು. ಒಂದಿನ ಆರ್ಡಿಸ್ ನೋಡಿದ್ಲು. ಆರ್ಡಿಸ್ ಎಂಥೋಳು ಅಂದ್ರೆ, ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸಿ ಮತ್ತೆ ಬಳಸೋಳು. ಕ್ರಿಸ್‌ಮಸ್ ಉಡುಗೊರೆ ಕಾಗದ ಇಸ್ತ್ರಿ ಮಾಡಿ ಮುಂದಿನ ವರ್ಷಕ್ಕೆ ಎತ್ತಿಡೋಳು. ಈ ಕಡೆ ನಾರ್ವೆ ಮೂಲದ ಹೆಂಗಸ್ರೆಲ್ಲ ಹೆಚ್ಚುಕಮ್ಮಿ ಹಾಗೇ. ಆರ್ಡಿಸ್ ಅವರಿಗೂ ಒಂದು ಕೈ ಮೇಲು.

"ತಿಂಗಳಿಗೊಂದು ಸ್ಟಾಂಪು ದಂಡ ಮಾಡ್ತೀಯಲ್ಲೋ," ಅಂದ್ಲು.

"ಬಿಲ್ಲು ತಿಂಗಳಿಗೊಂದು ಬರುತ್ತೆ ಅಮ್ಮ."

"ಬರ್ಲಿ. ಎರಡು ತಿಂಗಳದ್ದು ಒಂದೇ ಲಕೋಟೇಲಿ ಹಾಕು. ಕೊಡ್ಬೇಕಾದ್ದು ಮುಂಚೆ ಕೊಟ್ರೆ ಯಾರಾದ್ರೂ ಬೇಡ ಅಂತಾರಾ? ನಿಮ್ಮಪ್ಪ ಸಾಯೋವರೆಗೂ ಒಬ್ಬರ ಹತ್ರ ಕೇಳಿಸ್ಕೊಂಡು ಕೊಟ್ಟೋರಲ್ಲ."

ಸರಿ ಅನ್ನಿಸ್ತು ಅವನಿಗೆ. ಆವತ್ತಿಂದ ಎರಡು ತಿಂಗಳಿಗೊಂದು ಲಕೋಟೆ, ನಾನೂರ ಎಂಬತ್ತು ಡಾಲರಿನ ಒಂದು ಚೆಕ್ಕು. ಮಧ್ಯದ ತಿಂಗಳು, ಸರ್ಕಾರದ ಪರವಾಗಿ ಕಂತು ವಸೂಲಿ ಮಾಡೋ ಸಾಲದ ಕಂಪನಿಯಿಂದ ಬಿಲ್ಲು ಬರ್ತಿತ್ತು: ಈ ತಿಂಗಳು ಕಟ್ಬೇಕಾದ್ದು ಸೊನ್ನೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಧನ್ಯವಾದ! ನೀವು ಮುಂದಿದ್ದೀರಿ!" ಹಾರ್ಲನ್ ಆ ಸೊನ್ನೆ ಬಿಲ್ಲುಗಳನ್ನ ಬೂಟ್ಸಿನ ಡಬ್ಬೀಲಿ ಜೋಡಿಸಿಟ್ಟಿದ್ದ. ಬೇರೆಯೋರು ಮಕ್ಕಳ ಫೋಟೋ ಇಟ್ಕೊಳ್ಳೋ ಹಾಗೆ. ಮುಂದಿದ್ದಾನಂತೆ! ಯಾರಿಗಿಂತ ಮುಂದೆ, ಎಲ್ಲಿಗೆ ಹೋಗೋಕೆ ಮುಂದೆ ಅಂತ ಒಂದಿನಾನೂ ಕೇಳಲಿಲ್ಲ.

ಈ ಹತ್ತು ವರ್ಷದಲ್ಲಿ ಚೀಸ್ ಫ್ಯಾಕ್ಟರಿ ಯಜಮಾನ ಡ್ವೇನ್ ಜಾಸ್ಟ್ರೋ ಅವನನ್ನ ಎರಡು ಸಲ ಕರೆದ. ಜಾಸ್ಟ್ರೋಗೆ ಹೊಟ್ಟೆ ದೊಡ್ಡದು, ಬಾಯಿ ಇನ್ನೂ ದೊಡ್ಡದು.

"ನೋಡಪ್ಪಾ ಹಾರ್ಲನ್," ಅಂದ ಮೊದಲ ಸಲ, "ನನ್ನ ಫ್ಯಾಕ್ಟರಿಗೆ ಗುಣಮಟ್ಟ ನೋಡೋ ಮನುಷ್ಯ ಬೇಕು. ನಿನ್ನ ಕಂಡ್ರೆ ಊರಿಗೇ ಆಗಲ್ಲ. ನನಗೆ ಅಂಥೋನೇ ಬೇಕು. ಜಿಲ್ಲೆಯೋರು ಕೊಡೋದಕ್ಕಿಂತ ಇಪ್ಪತ್ತೈದು ಸಾವಿರ ಜಾಸ್ತಿ."

"ನಿಮ್ದು ಖಾಸಗಿ. ಬಂದ್ರೆ ನನ್ನ ಕಂತಿನ ಲೆಕ್ಕ ನಿಲ್ಲುತ್ತೆ. ಮಾಫಿ ಹೋಗುತ್ತೆ."

"ಎಷ್ಟು ಮಾಫಿ?"

"ನಲವತ್ತು ಚಿಲ್ಲರೆ ಸಾವಿರ."

ಜಾಸ್ಟ್ರೋ ಹೊಟ್ಟೆ ಕುಣಿಯೋ ಹಾಗೆ ನಕ್ಕ. "ಲೇ, ಎರಡು ವರ್ಷ ನನ್ನ ಹತ್ರ ದುಡಿದ್ರೆ ತೀರಿಹೋಗುತ್ತೆ!"

"ಶುರು ಮಾಡಿದೀನಿ. ಮುಗಿಸ್ತೀನಿ," ಅಂದ ಹಾರ್ಲನ್.

ಎರಡನೇ ಸಲಾನೂ ಅದೇ ಮಾತು. ಗುಡ್ಡ ಅಗೆದು ಇಲಿ ಹಿಡಿದ ಅಂತಾರಲ್ಲ, ಆ ಗುಡ್ಡ ಇವನು ಕಣ್ಮುಚ್ಚಿ ಅಗೀತಾನೇ ಇದ್ದ.

ಊರಲ್ಲಿ ಇದೂ ಒಂದು ಆಡ್ಕೊಳ್ಳೋ ಮಾತಾಯ್ತು. ನಮ್ಮ ಮನೆ ಸಲಾಡು ಚೆಲ್ಲಿಸ್ತಾನೆ, ತನ್ನ ಸಾಲ ಮಾತ್ರ ನಮ್ಮ ತೆರಿಗೇಲಿ ಮಾಫಿ ಮಾಡಿಸ್ಕೊಳ್ತಾನೆ ಅಂತ. ಹಾಗೆ ಆಡಿದೋರಲ್ಲಿ ಅರ್ಧ ಜನ ಹಾಲಿನ ರೇಟು ಬಿದ್ದಾಗ ಸರ್ಕಾರದ ಚೆಕ್ಕು ಇಸ್ಕೊಂಡೋರು. ಅದು ಬೇರೆ. ಅದಕ್ಕೆ ಪರಿಹಾರ ಅಂತ ಹೆಸ್ರು.

ಎರಡು ಸಾವಿರದ ಹದಿನೇಳು, ಅಕ್ಟೋಬರು. ಗೋಡೆ ಮೇಲಿನ ಕೊನೇ ಮನೆಗೆ ಕಾಟು ಬಿತ್ತು. ಹಾರ್ಲನ್ ಮಾಫಿ ಅರ್ಜಿ ತಗೊಂಡು ಜಿಲ್ಲಾ ಆಫೀಸಿನ ಸಿಬ್ಬಂದಿ ವಿಭಾಗಕ್ಕೆ ಹೋದ. ಹತ್ತು ವರ್ಷ ಇಲ್ಲೇ ಕೆಲಸ ಮಾಡಿದಾನೆ ಅಂತ ಆಫೀಸು ಸಹಿ ಹಾಕಿ ಕೊಡ್ಬೇಕು. ಆ ಸಹಿ ಹಾಕೋಳು ಬೆವ್ ಶ್ಲೋಮರ್. ಇಡೀ ಆಫೀಸಲ್ಲಿ ಅವನ ಜೊತೆ ನಗ್ತಾ ಮಾತಾಡ್ತಿದ್ದೋಳು ಅವಳೊಬ್ಬಳೇ.

"ಮುಗೀತೇನೋ ಮಾರಾಯ ನಿನ್ನ ಜೈಲು?"

"ಮುಗೀತು."

"ಸಹಿ ಹಾಕ್ಲಾ? ಪೆನ್ನು ನಲವತ್ತೊಂದು ಡಿಗ್ರೀಲಿ ಇದೆಯಾ ನೋಡು ಮತ್ತೆ."

ಹಾರ್ಲನ್ ನಕ್ಕ. ಅವನು ನಕ್ಕಿದ್ದನ್ನ ಬೆವ್ ಆಮೇಲೆ ಮೂರು ಜನಕ್ಕೆ ಹೇಳಿದ್ಲು. ನಂಬಲಿಲ್ಲ ಅವ್ರು.

ಅರ್ಜಿ ಹೋಯ್ತು. ತೀರ್ಮಾನ ಆಗೋವರೆಗೆ ಕಂತು ಕಟ್ಬೇಕಿಲ್ಲ ಅಂದ್ರು. ಅದೇ ವಾರ ಜಾಸ್ಟ್ರೋ ಮೂರನೇ ಸಲ ಫೋನ್ ಮಾಡಿದ. ಈ ಸಲ ಎಪ್ಪತ್ತು ಸಾವಿರ ಸಂಬಳ ಅಂದ. "ಆದ್ರೆ ಮೇ ಒಂದನೇ ತಾರೀಕಿನವರೆಗೆ ಮಾತ್ರ ಕಾಯ್ತೀನಿ. ಆಮೇಲೆ ಮಿಲ್ವಾಕಿ ಕಡೆಯಿಂದ ಒಬ್ಬನ್ನ ತರ್ತೀನಿ. ನಾಲ್ಕನೇ ಸಲ ಕರೆಯಲ್ಲಪ್ಪಾ."

"ಮಾಫಿ ಕಾಗದ ಬಂದ ದಿನ ಬರ್ತೀನಿ," ಅಂದ ಹಾರ್ಲನ್.

ಅವನ ತಲೇಲಿ ಇದ್ದಿದ್ದು ಸಂಬಳ ಅಲ್ಲ. ಮೀನು. ಊರಿನ ಬಾರಲ್ಲಿ, ತನ್ನೂರಿನೋರ ಮಧ್ಯೆ, ಶುಕ್ರವಾರ ಸಂಜೆ, ಯಾರೂ ಎದ್ದು ಹೋಗದ ಹಾಗೆ ಒಂದು ತಟ್ಟೆ ಮೀನು. ನಲವತ್ತೆರಡು ವರ್ಷದ ಗಂಡಸಿಗೆ ಬೇಕಾಗಿದ್ದು ಇಷ್ಟು. ಇದಕ್ಕೂ ಸರ್ಕಾರದ ಅಪ್ಪಣೆಗೆ ಕಾಯ್ತಿದ್ದ.

ಕಾಗದ ಬಂದಿದ್ದು ಮಾರ್ಚಲ್ಲಿ. ಹಿಮ ಇನ್ನೂ ಟಪಾಲು ಡಬ್ಬಿ ಕುತ್ತಿಗೆವರೆಗೂ ಇತ್ತು. ಅಲ್ಲೇ ನಿಂತು, ಕೈಗವಸು ಹಲ್ಲಲ್ಲಿ ಕಚ್ಚಿ ತೆಗೆದು ಓದಿದ. ನಿಮ್ಮ ಅರ್ಜಿ ತಿರಸ್ಕಾರ ಆಗಿದೆ. ಲೆಕ್ಕಕ್ಕೆ ಬಂದ ಕಂತು: ಎಪ್ಪತ್ತೊಂದು. ಬಾಕಿ ಇರೋ ಕಂತು: ನಲವತ್ತೊಂಬತ್ತು.

ಯಾರೋ ಕೂಡೋದ್ರಲ್ಲಿ ತಪ್ಪಿದಾರೆ ಅಂದ್ಕೊಂಡ. ಬೂಟ್ಸ್ ಬಿಚ್ಚದೆ ಅಡುಗೆಮನೆಗೆ ಬಂದು ಸಾಲದ ಕಂಪನಿಗೆ ಫೋನ್ ಹಾಕಿದ. ಐವತ್ತು ನಿಮಿಷ ಪಿಟೀಲು ಕೇಳಿಸಿದ್ರು. ಬೂಟ್ಸಿನ ಹಿಮ ಕರಗಿ ನೆಲದ ಮೇಲೆ ಕೆರೆ ಆಯ್ತು. ಆಮೇಲೆ ಒಂದು ಹುಡುಗಿ ದನಿ.

"ನಮಸ್ಕಾರ ಸಾರ್, ನಾನು ಕೆಂಡ್ರಾ. ಇವತ್ತು ನಿಮಗೆ ಹೇಗೆ ಸಹಾಯ ಮಾಡ್ಲಿ?"

"ಎಪ್ಪತ್ತೊಂದು ಅಂತ ಬಂದಿದೆ. ನೂರಿಪ್ಪತ್ತು ಇರ್ಬೇಕು."

"ಒಂದು ನಿಮಿಷ ಸಾರ್." ಮತ್ತೆ ಪಿಟೀಲು. "ಸಾರ್, ಎಪ್ಪತ್ತೊಂದು ಸರಿಯಾಗಿದೆ ಸಾರ್."

"ನಾನು ನೂರಿಪ್ಪತ್ತು ತಿಂಗಳಿಂದು ಕಟ್ಟಿದೀನಿ ಕಣಮ್ಮ."

"ದುಡ್ಡು ನೂರಿಪ್ಪತ್ತು ತಿಂಗಳಿಂದೂ ಬಂದಿದೆ ಸಾರ್. ಅದರಲ್ಲಿ ತಕರಾರಿಲ್ಲ."

"ಮತ್ತೆ ಯಾವುದರಲ್ಲಿ ತಕರಾರು?"

"ನೀವು ಎರಡೆರಡು ತಿಂಗಳದ್ದು ಒಟ್ಟಿಗೆ ಕಳಿಸಿದೀರ. ಒಟ್ಟಿಗೆ ಬಂದಿದ್ದು ಒಂದೇ ಕಂತು. ಮುಂದಿನ ತಿಂಗಳು ನಿಮ್ಮ ಬಿಲ್ಲು ಸೊನ್ನೆ. ಸೊನ್ನೆ ಬಿಲ್ಲಿನ ತಿಂಗಳು ನೀವು ಏನೂ ಕಟ್ಟಿಲ್ಲ. ಕಟ್ಟದೆ ಇರೋ ತಿಂಗಳು ಲೆಕ್ಕಕ್ಕೆ ಬರಲ್ಲ ಸಾರ್."

"ಮುಂಚೆ ಕಟ್ಟಿದ್ದಕ್ಕೆ ತಾನೆ ಸೊನ್ನೆ ಆಗಿದ್ದು?"

"ಹೌದು ಸಾರ್. ತುಂಬಾ ಒಳ್ಳೇದು ಸಾರ್. ಮುಂಚೆ ಕಟ್ಟೋರು ನಮಗೆ ಕಡಿಮೆ."

ಹಾರ್ಲನ್ ಫೋನನ್ನ ಇನ್ನೊಂದು ಕಿವಿಗೆ ಇಟ್ಕೊಂಡ. "ತಡವಾಗಿ ಕಟ್ಟಿದ್ರೆ?"

"ಹದಿನೈದು ದಿನದೊಳಗೆ ಆದ್ರೆ ಪರವಾಗಿಲ್ಲ ಸಾರ್. ಲೆಕ್ಕಕ್ಕೆ ಬರುತ್ತೆ."

"ತಡ ಮಾಡಿದೋನಿಗೆ ಬರುತ್ತೆ. ಮುಂಚೆ ಕಟ್ಟಿದೋನಿಗೆ ಬರಲ್ಲ."

"ರೂಲು ಸಾರ್."

ಈ ಮಾತನ್ನ ಹಾರ್ಲನ್ ಹತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಹೇಳಿದ್ನೋ. ಬೇರೆಯೋರ ಬಾಯಿಂದ ಕೇಳಿದ್ದು ಅದೇ ಮೊದಲು.

"ಇದನ್ನ ನನಗೆ ಯಾರೂ ಹೇಳಲಿಲ್ಲ. ಧನ್ಯವಾದ, ಮುಂದಿದ್ದೀರಿ ಅಂತ ಬರೀತಿದ್ರಿ."

"ಅದು ಮಷೀನು ಬರೆಯೋದು ಸಾರ್." ಹುಡುಗಿ ದನಿ ಸ್ವಲ್ಪ ಇಳೀತು. "ನಿಮ್ಮ ಹಾಗೆ ಇವತ್ತು ಬೆಳಿಗ್ಗೆಯಿಂದ ಮೂರು ಜನ ಫೋನ್ ಮಾಡಿದ್ರು. ಒಬ್ಬರು ನರ್ಸು, ಅತ್ತುಬಿಟ್ರು."

"ನಿಂಗೂ ಓದಿನ ಸಾಲ ಇದೆಯೇನಮ್ಮ?"

"ಇದೆ ಸಾರ್. ನನ್ನ ಕಂಪನಿ ಖಾಸಗಿ. ನನಗೆ ಮಾಫಿ ಇಲ್ಲ."

ಮಾಫಿ ಲೆಕ್ಕ ಹಾಕೋಳಿಗೇ ಮಾಫಿ ಇಲ್ಲ. ಹಸಿದೋನ ಕೈಗೆ ಸೌಟು ಕೊಟ್ಟು ಬಡಿಸೋಕೆ ನಿಲ್ಲಿಸಿದ ಹಾಗೆ.

ಫೋನ್ ಇಡೋ ಮುಂಚೆ ಮಷೀನು ಮಾತಾಡ್ತು: ಈ ಸೇವೆಗೆ ಒಂದರಿಂದ ಐದರೊಳಗೆ ಮಾರ್ಕು ಒತ್ತಿ. ಹಾರ್ಲನ್ ಯೋಚನೆ ಮಾಡಿದ. ಹುಡುಗೀದು ತಪ್ಪೇನಿರಲಿಲ್ಲ. ಐದು ಒತ್ತಿದ.

ಆಮೇಲೆ ಬೂಟ್ಸಿನ ಡಬ್ಬಿ ಇಳಿಸಿ ಸೊನ್ನೆ ಬಿಲ್ಲುಗಳನ್ನ ಎಣಿಸಿದ. ನಲವತ್ತೊಂಬತ್ತು. ಕಂಪನಿಯೋರು ಕೂಡೋದ್ರಲ್ಲಿ ತಪ್ಪಿರಲಿಲ್ಲ. ಅದೇ ಅವನಿಗೆ ಜಾಸ್ತಿ ನೋವು. ತಪ್ಪಿದ್ರೆ ತಿದ್ದಿಸಬಹುದಿತ್ತು.

ಮಾರನೇ ದಿನ ಭಾನುವಾರ. ಚರ್ಚು ಮುಗಿಸಿ ತಾಯಿ ಮನೆಗೆ ಹೋದ. ಆರ್ಡಿಸ್ ಕಾಫಿ ಇಟ್ಟು, ಆಲೂ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ಕೊಟ್ಲು. ಎಪ್ಪತ್ತೆಂಟಾಗಿತ್ತು. ಕೈ ಗಟ್ಟಿ ಇತ್ತು. ಸಿಂಕಿನ ಮೇಲೆ ತೊಳೆದ ಬ್ರೆಡ್ಡಿನ ಚೀಲ ಮೂರು ನೇತಾಡ್ತಿದ್ವು.

ಹಾರ್ಲನ್ ವಿಷಯ ಹೇಳಿದ. ನಾಲ್ಕು ಮಾತಲ್ಲಿ ಹೇಳಿದ. ಆರ್ಡಿಸ್ ಕಪ್ಪು ಕೆಳಗಿಟ್ಲು.

"ಹಂಗಾದ್ರೆ ನಂದೇ ತಪ್ಪು ಅನ್ನು."

"ನಾನು ಅನ್ನಲಿಲ್ಲ."

"ಅನ್ನದೆ ಹೋದ್ರೂ ಕೇಳ್ಸುತ್ತೆ ಕಣೋ. ನನ್ನ ಕಿವಿ ಇನ್ನೂ ಚೆನ್ನಾಗಿದೆ."

ಆಮೇಲೆ ಆರ್ಡಿಸ್ ಎದ್ದು ಒಂದು ಹಳೇ ಲಕೋಟೆ ಮಗುಚಿ ಹಾಕಿ ಪೆನ್ಸಿಲ್ಲಲ್ಲಿ ಏನೋ ಗುಣಿಸಿದ್ಲು. ಒಂದು ಸ್ಟಾಂಪಿಗೆ ನಲವತ್ತೈದು ಸೆಂಟು ಅಂತ ಹಿಡಿದ್ಲು.

"ಇಪ್ಪತ್ತೆರಡು ಡಾಲರು."

"ಏನದು?"

"ಸ್ಟಾಂಪಲ್ಲಿ ಉಳಿಸಿದ್ದು."

ಹಾರ್ಲನ್ ಆ ಲಕೋಟೆ ನೋಡಿದ. ಇಪ್ಪತ್ತೆರಡು ಡಾಲರು ಐದು ಸೆಂಟು. ನಲವತ್ತೈದು ಸಾವಿರ ಬಾಕಿ ಇತ್ತು ಸಾಲದಲ್ಲಿ. ಹತ್ತು ವರ್ಷ ಕಟ್ಟಿದ ಮೇಲೆ, ತಂದಿದ್ದಕ್ಕಿಂತ ಒಂದು ಸಾವಿರ ಜಾಸ್ತಿ. ಬಡ್ಡಿ ತನ್ನ ಪಾಡಿಗೆ ತಾನು ಮೇಯ್ತಾ ಬಂದಿತ್ತು. ಅದಕ್ಕೆ ಯಾವ ತಿಂಗಳೂ ಸೊನ್ನೆ ಅಂತ ಇರಲಿಲ್ಲ.

"ಇನ್ನು ನಾಲ್ಕು ವರ್ಷ ಒಂದು ತಿಂಗಳು," ಅಂದ. "ತಿಂಗಳಿಗೊಂದು ಲಕೋಟೆ. ಮುಂಚೆನೂ ಅಲ್ಲ, ಜಾಸ್ತಿನೂ ಅಲ್ಲ."

"ಅಲ್ಲಿವರೆಗೂ ಊರೋರ ಸಲಾಡು ಚೆಲ್ಲಿಸ್ಕೊಂಡು ಇರ್ತೀಯಾ?"

"ಇರ್ತೀನಿ. ಶುರು ಮಾಡಿದೀನಿ."

"ನಾಲ್ಕು ವರ್ಷ ಆದ್ಮೇಲೆ ಅವ್ರು ಇನ್ನೊಂದು ತೆಗೆದ್ರೆ? ನೀಲಿ ಶಾಯೀಲಿ ಬರೆದೆ, ಕಪ್ಪು ಇರ್ಬೇಕಿತ್ತು ಅಂದ್ರೆ?"

ಹಾರ್ಲನ್ ರೊಟ್ಟಿ ಸುರುಳಿ ಬಿಚ್ಚಿ ಮತ್ತೆ ಸುತ್ತಿದ.

"ಕೇಳು. ಆ ಮಾಫಿ ಮಾತು ನನಗೆ ಮೊದಲಿಂದಾನೂ ಹಿಡಿಸಿರಲಿಲ್ಲ. ತಂದೋನು ತೀರಿಸ್ಬೇಕು. ಆದ್ರೂ ನಾನು ಬಾಯಿ ಬಿಡಲಿಲ್ಲ. ಯಾಕೆ ಅಂದ್ರೆ ಅವ್ರು ಮಾತು ಕೊಟ್ಟಿದ್ರು. ನೀನು ನಿನ್ನ ಪಾಲಿಂದು ಮಾಡಿದೆ. ಹತ್ತು ವರ್ಷ ಊರಿನ ಕಕ್ಕಸು ಗುಂಡಿ ಬಗ್ಗಿ ನೋಡಿದೆ. ಕೊಟ್ಟ ಮಾತಿಗೆ ಲಕೋಟೆ ಎಣಿಸೋರ ಹತ್ರ ಇನ್ನು ನಾಲ್ಕು ವರ್ಷ ಕೈ ಒಡ್ಡಿಕೊಂಡು ನಿಲ್ತೀಯಾ? ಹೋಗು ಆ ಚೀಸಿನೋನ ಹತ್ರ. ದುಡಿ. ತೀರಿಸು. ಅವರ ಮುಖದ ಮೇಲೆ ಎಸಿ."

ಹಾರ್ಲನ್ ರೊಟ್ಟಿ ಮುಗಿಸಿದ. ತಟ್ಟೆ ತೊಳೆದಿಟ್ಟ. ಬಾಗ್ಲ ಹತ್ರ ಹೋದಾಗ ಆರ್ಡಿಸ್ ಬೆನ್ನ ಹಿಂದಿಂದ ಅಂದ್ಲು, "ಆ ಸಲಾಡು ಕೆಟ್ಟಿರಲಿಲ್ಲ."

"ನಲವತ್ತೇಳು ಇತ್ತು ಅಮ್ಮ."

"ಕೆಟ್ಟಿರಲಿಲ್ಲ."

ಆದ್ರೂ ತಕ್ಷಣ ಹೋಗಲಿಲ್ಲ ಅವನು. ಏಪ್ರಿಲ್ ಒಂದನೇ ವಾರ ಒಂದು ಕಂತು ಕಟ್ಟಿ ನೋಡೋಣ ಅಂತ ಕೂತ. ಒಂದೇ ತಿಂಗಳದ್ದು. ಬಿಲ್ಲಿನಲ್ಲಿದ್ದ ತಾರೀಕು ಹದಿನೇಳು. ಚೆಕ್ಕು ಬರೆದು, ಲಕೋಟೆಗೆ ಹಾಕಿ, ಸ್ಟಾಂಪು ಹಚ್ಚಿ ಮೇಜಿನ ಮೇಲಿಟ್ಟ. ಕಳಿಸೋ ಹಾಗಿರಲಿಲ್ಲ, ಇನ್ನೂ ಬೇಗ ಅನ್ನೋ ಭಯ. ಹತ್ತು ದಿನ ಆ ಲಕೋಟೆ ಮೇಜಿನ ಮೇಲೆ ಕೂತು ಅವನನ್ನ ನೋಡ್ತಿತ್ತು. ಕೊಡ್ಬೇಕಾದ ದುಡ್ಡು ಮನೇಲಿಟ್ಕೊಂಡು ಅವನಿಗೆ ನಿದ್ದೆ ಬರ್ತಿರಲಿಲ್ಲ. ಊಟ ಮಾಡೋವಾಗ ಅದರ ಮೇಲೆ ದಿನಪತ್ರಿಕೆ ಮುಚ್ತಿದ್ದ. ಕದ್ದ ಮಾಲು ಮುಚ್ಚೋ ಹಾಗೆ. ಹೀಗೆ ನಲವತ್ತೊಂಬತ್ತು ಸಲ ಮಾಡ್ಬೇಕು. ಸಾಲಗಾರನಿಗೆ ಸೋಮಾರಿ ಆಗು ಅಂತ ಕಲಿಸೋ ಕಾನೂನು ಇನ್ನೆಲ್ಲಾದ್ರೂ ಇದ್ರೆ ಯಾರಾದ್ರೂ ತೋರಿಸ್ಲಿ.

ಹದಿನೈದನೇ ತಾರೀಕು ಲಕೋಟೆ ಡಬ್ಬಿಗೆ ಹಾಕಿ, ಅಲ್ಲಿಂದ ನೇರ ಚೀಸ್ ಫ್ಯಾಕ್ಟರಿಗೆ ಹೋದ.

ಜಾಸ್ಟ್ರೋ ಆಫೀಸಲ್ಲಿ ಕಾಲು ಮೇಜಿನ ಮೇಲೆ ಹಾಕ್ಕೊಂಡಿದ್ದ. "ಬಾರಪ್ಪಾ! ಬಂತಾ ಮಾಫಿ?"

"ಇಲ್ಲ."

"ಯಾಕೆ?"

ಹಾರ್ಲನ್ ಹೇಳಿದ. ಜಾಸ್ಟ್ರೋ ಮೊದಲು ನಗಲಿಲ್ಲ. ಅರ್ಥ ಆಗೋಕೆ ಹೊತ್ತು ಹಿಡೀತು. ಅರ್ಥ ಆದ್ಮೇಲೆ ಕುರ್ಚಿ ಮುರಿಯೋ ಹಾಗೆ ನಕ್ಕ, ಕಣ್ಣೀರು ಒರೆಸ್ಕೊಂಡ.

"ಲೇ ಹಾರ್ಲನ್, ಈ ಫ್ಯಾಕ್ಟರಿ ದೊಡ್ಡದು ಮಾಡಿದ್ನಲ್ಲ, ಆವಾಗ ಜಿಲ್ಲಾ ಬೋರ್ಡು ನನಗೆ ಹತ್ತು ವರ್ಷದ ತೆರಿಗೆ ಬಿಟ್ಟಿತು. ಆರು ಲಕ್ಷ ಡಾಲರು. ಗೊತ್ತಾ ನಿಂಗೆ? ಒಂದು ಮೀಟಿಂಗು, ಐದು ಜನ ಕೈ ಎತ್ತಿದ್ರು, ಕಾಫಿ ಕುಡಿದು ಮನೆಗೆ ಹೋದ್ರು. ಯಾರೂ ಲಕೋಟೆ ಎಣಿಸಲಿಲ್ಲಪ್ಪಾ!"

ಇದನ್ನ ಅವನು ನಾಚಿಕೆಯಿಂದ ಹೇಳಲಿಲ್ಲ. ಮೀನು ಹಿಡಿದೋನು ಮೀನಿನ ಉದ್ದ ಹೇಳೋ ಹಾಗೆ ಹೇಳಿದ.

ಹಾರ್ಲನ್ ಅವನ ಬೂಟ್ಸಿನ ಅಡಿ ನೋಡ್ತಾ ನಿಂತಿದ್ದ. ತಿರುಗಿ ಹೊರಟು ಹೋಗೋಣ ಅನ್ನಿಸ್ತು. ಮನೆಗೆ ಹೋದ್ರೆ ಅಲ್ಲಿ ಗೋಡೆ ಮೇಲೆ ಚೌಕ, ನಲವತ್ತೆಂಟು ಕಂತು, ದಿನಪತ್ರಿಕೆ ಕೆಳಗೆ ಮುಂದಿನ ಲಕೋಟೆ.

"ಒಂದು ಮಾತು," ಅಂದ. "ಚೀಸು ಕೆಟ್ಟಿದ್ರೆ ನಿಮ್ದೂ ಬರ್ಕೊಳ್ತೀನಿ."

"ಅದಕ್ಕೇ ತಾನೆ ಸಂಬಳ ಕೊಡೋದು," ಅಂದ ಜಾಸ್ಟ್ರೋ. ಮೊದಲ ಸಲ ನಗು ನಿಲ್ಲಿಸಿ ಕೈ ಕೊಟ್ಟ.

ರಾಜೀನಾಮೆ ಕಾಗದ ಬೆವ್ ಕೈಗೆ ಕೊಟ್ಟಾಗ ಅವಳು ಓದಿ, ಅವನ ಮುಖ ನೋಡಿದ್ಲು. ಜಿಲ್ಲೆಯಲ್ಲಿ ಹತ್ತು ವರ್ಷ ಐದು ತಿಂಗಳು. ಒಂದು ದಿನಾನೂ ರಜೆ ಜಾಸ್ತಿ ತಗೊಂಡಿರಲಿಲ್ಲ.

"ನನ್ನ ಸಹಿ ದಂಡ ಆಯ್ತಲ್ಲೋ ಮಾರಾಯ."

"ನಿನ್ನ ಸಹಿ ಸರಿಯಾಗಿತ್ತು ಬೆವ್. ಅದೊಂದೇ ಸರಿ ಇದ್ದಿದ್ದು."

ಥರ್ಮಾಮೀಟರ್ ಜಿಲ್ಲೇದು. ಮೇಜಿನ ಮೇಲಿಟ್ಟು ರಸೀದಿ ಕೇಳಿದ. ಬೆವ್ ಬೈಕೊಂಡು ಬರೆದುಕೊಟ್ಲು.

ಮೇ ತಿಂಗಳ ಮೊದಲ ಸಂಬಳ ಬಂತು. ಹಾರ್ಲನ್ ಸಾಲದ ಕಂಪನಿಗೆ ಆರು ತಿಂಗಳ ಕಂತು ಒಂದೇ ಚೆಕ್ಕಲ್ಲಿ ಬರೆದು, ಒಂದೇ ಲಕೋಟೇಲಿ, ಒಂದೇ ಸ್ಟಾಂಪಲ್ಲಿ ಕಳಿಸಿದ. ಅವತ್ತು ರಾತ್ರಿ ಗೊರಕೆ ಹೊಡೆದು ಮಲಗಿದ. ಮುಂದಿನ ತಿಂಗಳು ಮಷೀನು ಬರೀತು: ಕಟ್ಬೇಕಾದ್ದು ಸೊನ್ನೆ. ಧನ್ಯವಾದ! ನೀವು ಮುಂದಿದ್ದೀರಿ! ಅದನ್ನ ಬೂಟ್ಸಿನ ಡಬ್ಬಿಗೆ ಹಾಕಲಿಲ್ಲ. ಒಲೆಗೆ ಹಾಕಿದ. ಗೋಡೆ ಚೌಕಾನೂ ಅದರ ಹಿಂದೆನೇ ಹೋಯ್ತು.

ಆ ಶುಕ್ರವಾರ ಅವನು ಹೊಳೆ ದಾಟಲಿಲ್ಲ. ಊರಿನ ಬಾರಿನ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದ.

ಮಾತು ನಿಂತಿತು. ಹಾರ್ಲನ್‌ಗೆ ಇದು ಗೊತ್ತಿರ್ಬೇಕಿತ್ತು. ಹತ್ತು ವರ್ಷದ ಹೆದರಿಕೆ ಒಂದು ರಾಜೀನಾಮೆಗೆ ಬಿಟ್ಟು ಹೋಗುತ್ತಾ? ಬಾರಿನ ಯಜಮಾನಿ ಲವೊನ್, ಕೈ ತೊಳೆಯೋ ಬೇಸನ್ ಹತ್ರ ಸೋಪಿಲ್ಲ ಅಂತ ಅವನ ಕೈಯಲ್ಲಿ ಮೂರು ಸಲ ಬರೆಸ್ಕೊಂಡೋಳು, ಆಗಲೇ ಅಡುಗೆಮನೆ ಕಡೆ ಓಡ್ತಿದ್ಲು.

"ಲವೊನ್, ನಿಲ್ಲು. ನಾನು ಊಟಕ್ಕೆ ಬಂದೆ."

"ಯಾರ ಊಟ ನೋಡೋಕೆ?"

"ನನ್ನ ಊಟ. ಆ ಕೆಲಸ ಬಿಟ್ಟೆ."

"ಸುಳ್ಳು."

ಹಾರ್ಲನ್ ಅಂಗಿ ಜೇಬು ಒಳಗಿಂದ ಹೊರಕ್ಕೆ ಎಳೆದು ತೋರಿಸಿದ. ಖಾಲಿ. ಪೆನ್ನೂ ಇರಲಿಲ್ಲ. ಮೂಲೇಲಿ ಕೂತಿದ್ದ ಯಾರೋ ಮುದುಕ ಅಂದ, "ಪ್ಯಾಂಟಿನ ಜೇಬೂ ನೋಡೇ ಲವೊನ್." ಎರಡು ಮೇಜು ನಕ್ಕವು. ಹಾರ್ಲನ್ ಪ್ಯಾಂಟಿನ ಜೇಬೂ ಎಳೆದು ತೋರಿಸಿದ. ಆಗ ಬಾರೆಲ್ಲ ನಕ್ಕಿತು.

ಖಾಲಿ ಸ್ಟೂಲು ಒಂದಿತ್ತು, ಕೂತ. ಪಕ್ಕದೋನು ಎದ್ದು ಹೋಗಲಿಲ್ಲ. ತನ್ನ ಬೀರನ್ನ ಸ್ವಲ್ಪ ಆ ಕಡೆ ಸರಿಸ್ಕೊಂಡ, ಅಷ್ಟೇ.

ಸ್ವಲ್ಪ ಹೊತ್ತಿಗೆ ಲವೊನ್ ತಟ್ಟೆ ತಂದ್ಲು. ಮೀನಿನ ದೊಡ್ಡ ತುಂಡಿಗೆ ಥರ್ಮಾಮೀಟರ್ ಚುಚ್ಚಿತ್ತು, ಬಾವುಟದ ಹಾಗೆ.

"ನೂರ ಅರವತ್ತು ಡಿಗ್ರಿ," ಅಂದ್ಲು ಎಲ್ಲರಿಗೂ ಕೇಳೋ ಹಾಗೆ. "ಬರ್ಕೋ!"

"ಪೆನ್ನಿಲ್ಲ," ಅಂದ ಹಾರ್ಲನ್.

ಮೀನು ತಿಂದ. ಬಿಸಿ ಇತ್ತು, ಗರಿಗರಿ ಇತ್ತು, ಹೊಳೆ ಆಚೆದಕ್ಕಿಂತ ಉಪ್ಪು ಕಮ್ಮಿ. ಆಮೇಲೆ ಕೋಸಿನ ಸಲಾಡಿನ ಬಟ್ಲು ಹತ್ರ ಎಳ್ಕೊಂಡ. ಬಟ್ಲಿಗೆ ಬೆರಳು ತಾಗ್ತು. ತಣ್ಣಗಿತ್ತು, ಆದ್ರೆ ಇರ್ಬೇಕಾದಷ್ಟು ತಣ್ಣಗಿರಲಿಲ್ಲ. ಹತ್ತು ವರ್ಷದ ಬೆರಳು ಅದು, ಅದಕ್ಕೆ ಥರ್ಮಾಮೀಟರ್ ಬೇಕಿರಲಿಲ್ಲ. ನಲವತ್ತಾರೋ, ನಲವತ್ತೇಳೋ.

ಲವೊನ್ ದೂರದಿಂದ ನೋಡ್ತಾ ನಿಂತಿದ್ಲು, ಕೈಯಲ್ಲಿ ಒರೆಸೋ ಬಟ್ಟೆ ಹಿಂಡ್ಕೊಂಡು.

ಹಾರ್ಲನ್ ಚಮಚ ತಗೊಂಡ. ಬಟ್ಲು ಖಾಲಿ ಮಾಡಿದ. ಇನ್ನೊಂದು ಬಟ್ಲು ಕೊಡು ಅಂದ.